ಬಾಯಿ ಮುಚ್ಚಿ ಕೇಳುವ ಪರೀಕ್ಷೆ

ನಾನು ಮಣಿಪಾಲದಲ್ಲಿ ನರ್ಸ್ ಆಗಿದ್ದಾಗ ಒಂದು ನಿಯಮವಿತ್ತು. ಡಾಕ್ಟರು ಫೋನಿನಲ್ಲಿ ಔಷಧಿ ಹೇಳಿದರೆ ಬರೆದುಕೊಂಡು, ಅದನ್ನು ಅವರಿಗೇ ಗಟ್ಟಿಯಾಗಿ ಓದಿ ಹೇಳಬೇಕು. ಅವರು ಹೌದೆಂದ ಮೇಲೆಯೇ ಮುಂದಿನ ಕೆಲಸ. ನನ್ನ ಇಡೀ ಉದ್ಯೋಗ ಹೀಗೇ ನಡೆಯಿತು. ನಿವೃತ್ತಿಯ ನಂತರ ಕಾರ್ಕಳದ ಕಾಲೇಜೊಂದರಲ್ಲಿ ಬಿ.ಎ. ಸೇರಿದಾಗ ಈ ಅಭ್ಯಾಸವೇ ನನ್ನನ್ನು ಕ್ಲಾಸಿನ ಹೊರಗೆ ನಿಲ್ಲಿಸಿತು.

ಇಂಗ್ಲಿಷ್ ಪರೀಕ್ಷೆಯಲ್ಲಿ ಓದಿ ಉತ್ತರಿಸುವ ಭಾಗ ಒಂದು, ಕೇಳಿ ಉತ್ತರಿಸುವ ಭಾಗ ಇನ್ನೊಂದು. ಓದುವುದು ನನಗೆ ಕಷ್ಟವಲ್ಲ. ಮೊದಲು ಪ್ರಶ್ನೆ, ಆಮೇಲೆ ಪಾಠ, ಉತ್ತರದ ಸಾಲಿಗೆ ಪೆನ್ಸಿಲ್ ಗೆರೆ. ಕೇಳುವ ಅಭ್ಯಾಸದ ಮೊದಲ ದಿನ ಸ್ಪೀಕರಿನಲ್ಲಿ ಯಾರೋ ರೈಲಿನ ವೇಳೆ ಹೇಳಿದರು. ನಾನು ಬರೆದೆ. ಬರೆದದ್ದನ್ನು ಸ್ಪಷ್ಟವಾಗಿ ಓದಿಯೂ ಬಿಟ್ಟೆ. ಇಡೀ ಕ್ಲಾಸು ಅದನ್ನೇ ಬರೆದುಕೊಂಡಿತು. ಹಿಂದಿನ ಬೆಂಚಿನಿಂದ ಒಬ್ಬ, "ಆಂಟಿ, ಮುಂದಿನದ್ದು ಸ್ವಲ್ಪ ನಿಧಾನ ಹೇಳಿ" ಎಂದ.

ಇಂಗ್ಲಿಷ್ ಕಲಿಸುವ ಮೇಡಂ ನನ್ನನ್ನು ವರಾಂಡಕ್ಕೆ ಕರೆದರು. ನನ್ನ ಕಿವಿಯ ಯಂತ್ರ ನೋಡಿ, ವೈದ್ಯರ ಸರ್ಟಿಫಿಕೇಟ್ ತಂದರೆ ಈ ಭಾಗಕ್ಕೆ ವಿನಾಯಿತಿ ಉಂಟು, ಓದಿದ್ದರ ಅಂಕವನ್ನೇ ಲೆಕ್ಕ ಹಾಕುತ್ತಾರೆ ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಬೇಕಾದವರಿಗೆ ಅದು ಹಕ್ಕು. ಆದರೆ ಯಂತ್ರ ಹಾಕಿದರೆ ನನಗೆ ಕೇಳುತ್ತದೆ. ಕೇಳುವುದಿಲ್ಲವೆಂದು ಏಕೆ ಬರೆಸಿಕೊಳ್ಳಲಿ?

"ಫೇಲಾದರೆ ಒಂದು ವರ್ಷ ಹೋಗ್ತದೆ ಅಮ್ಮ."

"ಹೋಗಲಿ. ಹೋಗುವುದು ನನ್ನ ವರ್ಷ."

ಕಾಪುವಿನ ಮನೆಯಲ್ಲಿ ನಾನೂ ತಂಗಿಯೂ ಇರುವುದು. ಬೆಳಗ್ಗಿನ ತಿಂಡಿಯಾದ ಮೇಲೆ ಅವಳು ಇಂಗ್ಲಿಷ್ ಪಾಠ ಗಟ್ಟಿಯಾಗಿ ಓದುತ್ತಿದ್ದಳು, ನಾನು ಬಾಯಿ ಮುಚ್ಚಿ ಬರೆಯುತ್ತಿದ್ದೆ. ತುಟಿ ಅಲ್ಲಾಡಿದರೆ ಚಮಚದಿಂದ ಮೇಜು ಬಡಿಯುವಳು. "ಎಂತ ಮಾರಾಯ್ತಿ, ಪರೀಕ್ಷೆಯಾ, ಜಪವಾ?" ಅವಳ ಇಂಗ್ಲಿಷಿನಲ್ಲಿ ತುಳುವಿನ ರಾಗ. ಪರೀಕ್ಷೆಯ ದನಿ ಹಾಗಿರುವುದಿಲ್ಲವೆಂದು ಉಡುಪಿಗೆ ಹೋಗಿ, ಯಂತ್ರದ ಮೇಲೆ ಕೂರುವಂಥ ದೊಡ್ಡ ಹೆಡ್‌ಫೋನ್ ಕೇಳಿದೆ. ಅಂಗಡಿಯವರು ಮೊಮ್ಮಗನಿಗಾ ಎಂದರು. ನನಗೇ ಎಂದೆ. ಅಂದಿನಿಂದ ಕಾರ್ಕಳದ ಬಸ್ಸಿನಲ್ಲಿ ತುಟಿ ಬಿಚ್ಚದಿರಲೆಂದು ಬಾಯಲ್ಲಿ ಏಲಕ್ಕಿ, ಕಿವಿಯಲ್ಲಿ ಗುರುತಿಲ್ಲದವರ ಇಂಗ್ಲಿಷ್. ಬೆಳ್ಮಣ್ ಬರುವಷ್ಟರಲ್ಲಿ ಒಂದು ಪಾಠ ಮುಗಿಯಬೇಕು. ಮುಗಿಸುತ್ತಿದ್ದೆ.

ಪರೀಕ್ಷೆಯ ಹಾಲಿನಲ್ಲಿ ನನ್ನ ತಲೆಯ ಮೇಲೆಯೇ ಫ್ಯಾನು. ಯಂತ್ರಕ್ಕೆ ಮಾತಿಗಿಂತ ಮೊದಲು ಕೇಳಿಸುವುದು ಅದರ ಗರಗರ. ಸ್ಪೀಕರು ಪರೀಕ್ಷಿಸಿದಾಗ ನನಗೆ ಒಂದು ಪದವೂ ಸಿಗಲಿಲ್ಲ. ಎದ್ದು ನಿಂತು, ಫ್ಯಾನುಗಳನ್ನು ನಿಲ್ಲಿಸಲು ಕೇಳಿದೆ. ಮೇಲ್ವಿಚಾರಕರು ಬೇರೆ ಕಾಲೇಜಿನವರು. ಈ ಸೆಕೆಯಲ್ಲಿ ಹೇಗಾಗುತ್ತದೆ, ನಿಮ್ಮಂಥವರಿಗೆ ವಿನಾಯಿತಿ ಉಂಟಲ್ಲ ಎಂದರು. ಹಿಂದೆ ಗೊಣಗಾಟ ಶುರುವಾಯಿತು.

"ವಿನಾಯಿತಿ ಬೇಡ ಸರ್. ಫ್ಯಾನ್ ನಿಲ್ಲಿಸಿ."

ನಾನು ಕುಳಿತುಕೊಳ್ಳಲಿಲ್ಲ. ಕೊನೆಗೆ ಅವರೇ ಹೋಗಿ ಸ್ವಿಚ್ ಒತ್ತಿದರು. ಎಲ್ಲರೂ ಬೆವರಿದೆವು. ಮೊದಲ ಸಲ ಕೇಳಿ ಬರೆದೆ, ಎರಡನೆಯ ಸಲ ಹಾಕಿದಾಗ ತಾಳೆ ನೋಡಿದೆ, ತುಟಿ ಬಿಚ್ಚಲಿಲ್ಲ. ಒಂದು ಉತ್ತರ ಸಿಗಲೇ ಇಲ್ಲ. ಊಹಿಸಿ ಬರೆಯುವುದು ನನ್ನ ಪದ್ಧತಿಯಲ್ಲ, ಖಾಲಿ ಬಿಟ್ಟೆ.

ಆ ಭಾಗದಲ್ಲಿ ಪಾಸಿಗಿಂತ ತುಸುವೇ ಹೆಚ್ಚು ಬಂತು. ವಿನಾಯಿತಿ ಪಡೆದಿದ್ದರೆ ಪ್ರಥಮ ದರ್ಜೆ ಆಗುತ್ತಿತ್ತೆಂದು ಮೇಡಂ ಕೂಡಿಸಿ ತೋರಿಸಿದರು. ಇದೇ ಇರಲಿ ಎಂದೆ. ಎರಡನೆಯ ವರ್ಷದಲ್ಲೂ ಕೇಳುವ ಭಾಗ ಉಂಟಾ ಎಂದು ವಿಚಾರಿಸಿದೆ.

ಉಂಟು, ಇನ್ನೂ ಉದ್ದದ್ದು ಎಂದರು. ಅದರ ಅಭ್ಯಾಸದ ಪಾಠಗಳನ್ನು ಅಲ್ಲಿಯೇ ಮೊಬೈಲಿಗೆ ಹಾಕಿಸಿಕೊಂಡು ಬಸ್ಸು ಹತ್ತಿದೆ.