ಗೌರಿಯ ಪಾದಕ್ಕೆ ಹಚ್ಚಿದ ಗಂಧ

ಕಲಬುರಗಿ ಕಡೆಯಿಂದ ಬಂದು ಕಗ್ಗದಾಸಪುರದ ಬಾಡಿಗೆ ಕೋಣೆಯಲ್ಲಿ ಮೂವತ್ತು ವರ್ಷ ಕಳೆದ ಭಗವಂತರಾಯ ಪಶು ಆಸ್ಪತ್ರೆಯಲ್ಲಿ ಗಾಯ ತೊಳೆದು ಪಟ್ಟಿ ಕಟ್ಟುವ ಡ್ರೆಸ್ಸರ್. ಕೈಗೆ ಸಗಣಿ ತಾಗಿದರೆ ಮುಖ ಕಿವುಚುವ ಡಾಕ್ಟರರನ್ನು ಕಂಡರೆ ಅವನಿಗೆ ಮೈಯೆಲ್ಲ ಉರಿ. ಅಂಥವರೇ ಹನ್ನೆರಡು ಮಂದಿ ಸಾಕಾನೆಗಳ ಆರೈಕೆಯ ತರಬೇತಿಗೆ ಬಂದಿದ್ದರು. ಇಂದಿರಾನಗರದ ಹೋಟೆಲೊಂದರ ಏಸಿ ಹಾಲಿನಲ್ಲಿ ಎರಡು ದಿನ ಪರದೆಯ ಮೇಲಿನ ಆನೆ ನೋಡಿ, ಬಫೆ ಊಟ ಮುಕ್ಕಿ, ಮೂರನೆಯ ದಿನ ನಿಜವಾದ ಆನೆ ನೋಡಲು ಕೆ.ಆರ್. ಪುರದಲ್ಲಿ ವ್ಯಾನಿನಿಂದ ಇಳಿದರು. ಸಹಾಯಕ್ಕೆಂದು ಭಗವಂತರಾಯನೂ ಜೊತೆಗಿದ್ದ.

ಗೌರಿ, ಮುನಿನಾರಾಯಣಪ್ಪನವರ ಮನೆದೇವರ ಗುಡಿಯ ಆನೆ. ಹೊಲವಿದ್ದಲ್ಲೆಲ್ಲ ಫ್ಲ್ಯಾಟು ಎಬ್ಬಿಸಿದ ಆ ಮಹಾನುಭಾವರು ಆನೆಗೆ ಬಿಟ್ಟದ್ದು ಒಂದು ಸಿಮೆಂಟು ಷೆಡ್ಡು. ಮರುದಿನ ಅದು ಟಾರು ರಸ್ತೆಯಲ್ಲಿ ಹಲಸೂರಿನವರೆಗೆ ಮೆರವಣಿಗೆ ನಡೆಯಬೇಕಿತ್ತು. ನೋಡಲು ಬಂದವರಲ್ಲಿ ಒಬ್ಬ ಡಾಕ್ಟರು ತಪಾಸಣೆಯ ಫಾರಂನಲ್ಲಿ ಬೇಡವೆಂದು ಬರೆದರೂ ಮೆರವಣಿಗೆ ನಿಲ್ಲುತ್ತಿತ್ತು. ಹಾಗಾಗಿ ಬೆಳಿಗ್ಗೆಯೇ ಪಾದಪೂಜೆ ಮಾಡಿಸಿ, ನಾಲ್ಕೂ ಕಾಲಿಗೆ ಅರಿಸಿನ ಗಂಧ ಮೆತ್ತಿಸಿಟ್ಟಿದ್ದರು.

ಹನ್ನೆರಡು ಮಂದಿಯೂ ಶೂ ಬಿಚ್ಚಿ ಕೈಮುಗಿದರು. ಪೂಜೆಯಾದ ಕಾಲಿನ ಗಂಧ ಒರೆಸಬಾರದೆಂದು ದೂರದಿಂದಲೇ ಫೋಟೊ ಹೊಡೆದುಕೊಂಡರು. ತರಬೇತಿಯ ಮುಖ್ಯಸ್ಥ ಡಾ. ಸುನಿಲ್ ಫಾರಂನಲ್ಲಿ ‘ಪಾದ: ಉತ್ತಮ’ ಎಂದು ಗೀಚಿದ. ಥೂ, ಓದಿದ್ದೆಲ್ಲ ದಂಡ!

ಗೌರಿ ಮುಂದಿನ ಎಡಗಾಲನ್ನು ಊರಲಾರದೆ ಗಳಿಗೆಗೊಮ್ಮೆ ಎತ್ತುತ್ತಿದ್ದುದು ಭಗವಂತರಾಯನ ಕಣ್ಣಿಗೆ ಬಿತ್ತು. ಬಕೆಟ್ ಎತ್ತಿದವನೇ ಗಂಧದ ಮೇಲೆ ನೀರು ಸುರಿದು ತಿಕ್ಕಿದ.

“ಏಯ್, ಪೂಜೆ ಮಾಡಿರೋ ಕಾಲು ಕಣಯ್ಯಾ! ಯಾರು ಹೇಳಿದ್ದು ನಿಂಗೆ?” ಮುನಿನಾರಾಯಣಪ್ಪ ಅಬ್ಬರಿಸಿದರು.

“ಮೂಗಿದ್ರ ಬಂದು ಮೂಸ್ರಿ. ಕೊಳತು ನಾರ್ಲಿಕತ್ತದ,” ಎಂದ ಭಗವಂತರಾಯ.

ಉಗುರಿನ ಬುಡದಿಂದ ಕೀವು ಒಸರಿತು. ಹನ್ನೊಂದು ಮಂದಿ ಕರ್ಚೀಫು ಹುಡುಕಿದರು. ತೇಜಶ್ರೀ ಎಂಬ ಕಿರಿಯ ಡಾಕ್ಟರು ಮಾತ್ರ ಸಿಮೆಂಟಿನ ಮೇಲೆ ಕೂತು, ಬೆರಳಿಂದ ಒತ್ತಿ ನೋಡಿದಳು.

“ಸರ್, ನಡೆಸಿದ್ರೆ ಕಾಲೇ ಹೋಗುತ್ತೆ.”

“ಫಾರಂ ಆಗೋಯ್ತಲ್ಲಮ್ಮ. ನಿನ್ ಸರ್ಟಿಫಿಕೇಟೂ ನಾನೇ ಕೊಡ್ಬೇಕು, ನೆನಪಿರ್ಲಿ,” ಎಂದ ಸುನಿಲ್.

ಡ್ರೆಸ್ಸರನ ಸಹಿಗೆ ಬೆಲೆಯಿಲ್ಲ. ಭಗವಂತರಾಯ ಹೇಸಿಗೆಯಿಂದ ಒಬ್ಬೊಬ್ಬರ ಮುಖ ನೋಡಿದ. ಒಬ್ಬರೂ ಫೋನಿನಿಂದ ಕಣ್ಣೆತ್ತಲಿಲ್ಲ. ತೇಜಶ್ರೀ ಎದ್ದು, ಕೀವು ಮೆತ್ತಿದ ಕೈಯಲ್ಲೇ ಫಾರಂ ಕಿತ್ತುಕೊಂಡು, ಸುನಿಲ್ ಬರೆದದ್ದನ್ನು ಹೊಡೆದುಹಾಕಿ, ‘ನಡೆಸಕೂಡದು’ ಎಂದು ಬರೆದು ಸಹಿ ಹಾಕಿದಳು. ಅದನ್ನು ಮಡಚಿ ತನ್ನ ಜೇಬಿಗೇ ಹಾಕಿಕೊಂಡಳು.

“ಎಲ್ರೂ ವ್ಯಾನ್ ಹತ್ತಿ. ಇವಳು ಬರೋದು ಬೇಡ!” ಸುನಿಲ್ ಕಿರುಚಿದ. ಎಲ್ಲರೂ ತೆಪ್ಪಗೆ ಹತ್ತಿದರು.

“ಹೋಗ್ಲಿ ಬಿಡ್ರಿ ಮೇಡಂ, ಪೀಡಾ ಕಳೀತು,” ಎಂದ ಭಗವಂತರಾಯ. “ಇನ್ನ ಮೂರು ಕಾಲು ತೊಳಿಯೋದದ. ಕೂಡ್ರಿ, ಹೆಂಗ ನೋಡೋದಂತ ಹೇಳ್ಕೊಡ್ತೀನಿ.”