ಚಾಕ್‌ಪೀಸ್ ಉರುಳಿದ ಕಡೆ

ಎಲ್ಲ ಶುರುವಾದದ್ದು ಬೆಳಿಗ್ಗೆ ಹನ್ನೊಂದು ಇಪ್ಪತ್ತಕ್ಕೆ, ಹರಿಹರದ ಒಂದು ಹಳೇ ಶಾಲೆಯಲ್ಲಿ. ಅದನ್ನು ಮತ್ತೆ ಕಣ್ಣೆದುರಿಗೆ ತಂದದ್ದು ಒಂದು ಚಾಕ್‌ಪೀಸ್. ಕಳೆದ ವಾರ ದಾವಣಗೆರೆಯಲ್ಲಿ ನಾನು ಪಾಠ ಮಾಡುತ್ತಿದ್ದಾಗ ಅದು ಮೇಜಿನಿಂದ ಉರುಳಿ ನೆಲಕ್ಕೆ ಬಿದ್ದು ಎರಡಾಯಿತು. ನಾನು ಅದನ್ನು ನೋಡಲಿಲ್ಲ, ಗೋಡೆಯನ್ನು ನೋಡಿದೆ.

ಹರಿಹರದ ಆ ದಿನಗಳಲ್ಲಿ ನಾನಿನ್ನೂ ಬಿ.ಇಡಿ. ಓದುತ್ತಿದ್ದೆ. ಪಾಠದ ಅಭ್ಯಾಸಕ್ಕೆಂದು ದಿನಾ ಬಸ್ಸಿನಲ್ಲಿ ಹರಿಹರಕ್ಕೆ ಹೋಗಿ, ವಿಜ್ಞಾನದ ಮೇಷ್ಟ್ರ ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದೆ. ಅವರದೊಂದು ಪದ್ಧತಿ ಇತ್ತು. ಪ್ರಶ್ನೆ ಕೇಳಿದ ಮೇಲೆ ಚಾಕ್‌ಪೀಸನ್ನು ಮೇಜಿನ ಮೇಲೆ ಇಡುವರು. ಮತ್ತೆ ಅದನ್ನು ಎತ್ತಿಕೊಳ್ಳುವ ತನಕ ಯಾರೂ ಬಾಯಿ ಬಿಡುವಂತಿಲ್ಲ, ಯೋಚಿಸಬೇಕು. ಅವಸರ ಮಾಡಿದವರನ್ನು ಪಕ್ಕದವರು ತಿವಿಯುತ್ತಿದ್ದರು: "ಚಾಕ್‌ಪೀಸ್ ಮಲಗೈತೆ, ಸುಮ್ನಿರಲೇ."

ಉತ್ತರ ನೀವೇ ಹೇಳಿಬಿಡಬಹುದಲ್ಲ ಎಂದು ಒಮ್ಮೆ ಕೇಳಿದ್ದೆ. "ನಾ ಹೇಳಿದ್ದು ಗೇಟ್ ದಾಟೋತನಕ ನೆನಪಿರ್ತೈತಮ್ಮ. ಅವರೇ ಹುಡುಕಿದ್ದು ಮನೀತನಕ ಹೋಗ್ತೈತೆ," ಎಂದಿದ್ದರು.

ಆ ದಿನ... ಹಿಂದಿನ ರಾತ್ರಿ ಜೋರು ಮಳೆಯಾಗಿತ್ತು. ಶಾಲೆಯ ಗೋಡೆಗೆ ಹತ್ತಿದಂತೆಯೇ ಪಕ್ಕದ ಜಾಗದವರು ಕಟ್ಟಡಕ್ಕಾಗಿ ಆಳದ ಗುಂಡಿ ತೋಡಿಸಿದ್ದರು. ಮೇಷ್ಟ್ರು ಏನೋ ಪ್ರಶ್ನೆ ಕೇಳಿ ಚಾಕ್‌ಪೀಸ್ ಇಟ್ಟರು. ಅದು ಆ ಗೋಡೆಯ ಕಡೆಗೆ ಉರುಳಿ ಬಿತ್ತು. ಎತ್ತಿ ಇಟ್ಟರು. ಮತ್ತೆ ಉರುಳಿತು.

"ನಿನ್ನೆ ನಿಂತಿತ್ತು. ಇವತ್ತು ಯಾಕ ಉರುಳ್ತೈತೆ?"

"ಫ್ಯಾನ್ ಗಾಳೀಗೆ, ಸರ್."

"ಕರೆಂಟೇ ಇಲ್ಲಲ್ಲೋ ಮಹಾರಾಯ."

ಎಲ್ಲರೂ ನಕ್ಕರು. ಮೇಜಿನ ಕಾಲು ಗಿಡ್ಡ ಆಗೈತ್ರಿ ಎಂದ ಇನ್ನೊಬ್ಬ. ಮೇಷ್ಟ್ರು ಮೇಜಿನ ಆ ತುದಿ ಈ ಕಡೆಗೆ ಬರುವಂತೆ ತಿರುಗಿಸಿಟ್ಟರು. ಚಾಕ್‌ಪೀಸ್ ಮತ್ತೆ ಅದೇ ಗೋಡೆಯ ಕಡೆಗೇ ಉರುಳಿತು.

"ಈಗ ಹೇಳ್ರಿ. ಕಾಲಿನ ತಪ್ಪಾ?"

ಮಕ್ಕಳು ಮೇಜನ್ನೂ ಗೋಡೆಯನ್ನೂ ನೋಡಿದರು. ಎರಡನೇ ಬೆಂಚಿನ ಹುಡುಗಿ ಎದ್ದು ನಿಂತಳು. "ಮೇಜಲ್ರಿ ಸರ್... ನೆಲಾನೇ ಇಳದೈತೆ. ಗುಂಡಿ ಕಡೀಗೆ."

ಅವರು ಚಾಕ್‌ಪೀಸನ್ನು ಜೇಬಿಗೆ ಹಾಕಿಕೊಂಡರು. ದನಿ ಏರಲಿಲ್ಲ. "ಚೀಲ ಬ್ಯಾಡ. ಓಡಬ್ಯಾಡ್ರಿ. ಬಾಗಿಲ ಕಡೆಯಿಂದ ಒಬ್ಬೊಬ್ರೇ ಮೈದಾನಕ್ಕೆ ನಡೀರಿ. ಮೇಡಂ, ನೀವು ಮುಂದೆ ಹೋಗ್ರಿ," ಎಂದು ನನ್ನತ್ತ ನೋಡಿದರು.

ನಮ್ಮ ಮಕ್ಕಳೆಲ್ಲ ಹೊರಬಂದ ಮೇಲೆ ಅವರು ಪಕ್ಕದ ಕೋಣೆಗೆ ಹೋದರು. ಆ ಮಕ್ಕಳೂ ಸಾಲಾಗಿ ಬಂದರು. ಮೈದಾನದಿಂದ ನನಗೆ ಕಾಣುತ್ತಿತ್ತು: ಬಾಗಿಲಲ್ಲಿ ನಿಂತು ಒಬ್ಬೊಬ್ಬರ ಹೆಗಲು ಮುಟ್ಟಿ ಕಳಿಸುತ್ತಿದ್ದರು. ಕೊನೆಯ ಮಗು ಮೆಟ್ಟಿಲು ಇಳಿಯಿತು. ಒಳಗೆ ಯಾರಾದರೂ ಉಳಿದರೇನೋ ಎಂದು ಅವರು ಒಮ್ಮೆ ಹಿಂದಿರುಗಿ ಒಂದು ಹೆಜ್ಜೆ ಇಟ್ಟರು...

ಮೊದಲು ಗೋಡೆ ಹೋಯಿತು, ಆಮೇಲೆ ಹೆಂಚು. ಧೂಳು ಇಳಿದಾಗ ಆ ಬಾಗಿಲೇ ಇರಲಿಲ್ಲ.

ಅವರಿಗೆ ಗೊತ್ತಾದದ್ದು ಯಾವಾಗ? ಮೇಜು ತಿರುಗಿಸುವಾಗಲೇ ಗೊತ್ತಿತ್ತೇ, ಅಥವಾ ಆ ಹುಡುಗಿಯ ಜೊತೆಗೇ ಅವರಿಗೂ ಹೊಳೆಯಿತೇ? ಕೇಳಲು ಅವರಿಲ್ಲ. ಕೆಲಸಕ್ಕೆ ಸೇರಿದ ಮೇಲೆ ನಾನು ಪ್ರಶ್ನೆ ಕೇಳಿ ಉತ್ತರವನ್ನೂ ನಾನೇ ಹೇಳಿಬಿಡುತ್ತಿದ್ದೆ. ಮಕ್ಕಳು ಸುಮ್ಮನಾದರೆ ನನಗೆ ತಡೆಯುತ್ತಿರಲಿಲ್ಲ. ರಾತ್ರಿ ಎಚ್ಚರವಾದರೆ ಹಾಸಿಗೆಯಿಂದ ಕೈ ಇಳಿಬಿಟ್ಟು ನೆಲ ಸಮವಾಗಿದೆಯೇ ಎಂದು ಮುಟ್ಟಿ ನೋಡುತ್ತಿದ್ದೆ.

ಕಳೆದ ವಾರ ಚಾಕ್‌ಪೀಸ್ ಬಿದ್ದಾಗ, ಎಲ್ಲರೂ ಹೊರಗೆ ನಡೆಯಿರಿ ಎಂಬ ಮಾತು ತುದಿನಾಲಿಗೆಗೆ ಬಂದಿತ್ತು. ಬದಲಿಗೆ, "ಯಾಕೆ ಉರುಳಿತು?" ಎಂದೆ. ಕಾದೆ. ಮುಂದಿನ ಬೆಂಚಿನವರನ್ನು ಕರೆದು ಮೇಜು ತಿರುಗಿಸಿ, ಚಾಕ್‌ಪೀಸಿನ ಒಂದು ತುಂಡನ್ನು ಇಟ್ಟೆ.

"ಈ ಸಲ ಆ ಕಡೀಗೆ ಹೋತು, ಮಿಸ್," ಎಂದಳು ಒಬ್ಬಳು. "ಮೇಜಿಂದೇ ತಪ್ಪು."

ಮಕ್ಕಳು ಮೇಜಿನ ಕಾಲಿನಡಿಗೆ ರಟ್ಟು ಮಡಿಚಿ ಇಟ್ಟರು. ಚಾಕ್‌ಪೀಸ್ ಮಲಗಿತು.

ಆ ರಾತ್ರಿ ನನಗೆ ಎಚ್ಚರವಾಗಲಿಲ್ಲ. ಕಣ್ಣು ಬಿಟ್ಟಾಗ ಕಿಟಕಿಯಲ್ಲಿ ಬಿಸಿಲಿತ್ತು. ಇದನ್ನು ಮೇಷ್ಟ್ರಿಗೆ ಹೇಳಬೇಕು ಅನ್ನಿಸಿ, ಫೋನ್ ಕೈಗೆತ್ತಿಕೊಂಡು ಅವರ ನಂಬರ್ ಹುಡುಕತೊಡಗಿದ್ದೆ...