ಐದನೇ ಪದದ ಕೆಮ್ಮು

ಹೊಸ ಆಲ್ಬಂ ಒಂದನ್ನು ಮೊದಲ ಸಲ ಕೇಳಿದಾಗ ನನಗೆ ಅದು ಎಂದೂ ಹಿಡಿಸುವುದಿಲ್ಲ. ಪಕ್ಕದ ಮನೆಗೆ ಹೊಸದಾಗಿ ಬಂದವರನ್ನು ನೋಡಿದ ಹಾಗೆ ಒಂದಿಷ್ಟು ಅನುಮಾನದಿಂದಲೇ ಕೇಳುತ್ತೇನೆ. ಇದಕ್ಕೇಕೆ ಇಷ್ಟು ಗದ್ದಲ, ಈ ತಬಲಾದವನಿಗೆ ಏನು ಅವಸರ ಎಂದೆಲ್ಲ ಗೊಣಗುತ್ತೇನೆ. ವಾರ ಕಳೆಯುವಷ್ಟರಲ್ಲಿ ಅವರ ಮನೆಯ ಚಹಾ ಕುಡಿದಿರುತ್ತೇನೆ. ತಿಂಗಳಾದರೆ ಅವರ ಪರವಾಗಿ ಓಣಿಯಲ್ಲಿ ಜಗಳಕ್ಕೂ ತಯಾರು.

ಹಿರಿಯರು ಜ್ಞಾನಕ್ಕೆ ಶ್ರವಣ, ಮನನ, ನಿದಿಧ್ಯಾಸನ ಎಂಬ ಮೆಟ್ಟಿಲುಗಳನ್ನು ಹೇಳಿದ್ದಾರೆ. ಬ್ರಹ್ಮದ ವಿಷಯ ನನಗೆ ಗೊತ್ತಿಲ್ಲ, ಆಲ್ಬಮ್ಮಿಗಂತೂ ಇದು ಸರಿಯಾಗಿ ಹೊಂದುತ್ತದೆ. ಸ್ಪೀಕರ್ ಹಚ್ಚಿದರೆ ಶ್ರವಣ. ಬಟ್ಟೆ ಒಣಹಾಕುವಾಗ ತುಟಿಗೆ ಬಂದರೆ ಮನನ. ಒಂದು ಹಾಡು ಮುಗಿದ ಮೌನದಲ್ಲಿ, ಮುಂದಿನದರ ಮೊದಲ ಸ್ವರ ನಮ್ಮ ತಲೆಯಲ್ಲಿ ತಾನೇ ಎದ್ದು ಕೂತರೆ ಅದು ನಿದಿಧ್ಯಾಸನ. ಬಿಡಿ ಬಿಡಿಯಾಗಿ ಹಾಡು ಕೇಳುವವರಿಗೆ ಆ ಮೌನದ ಸುಖ ಸಿಗುವುದಿಲ್ಲ.

ಬೈಲಹೊಂಗಲದ ನಮ್ಮ ಓಣಿಯ ಹೆಂಗಸರ ಭಜನಾ ಮೇಳಕ್ಕೆ ಗುರುಗಳಿಲ್ಲ, ಆಲ್ಬಮ್ಮೇ ಗುರು. ಸುರೇಬಾನದ ಕಡೆಯ ಹಿರಿಯ ಗಾಯಕರೊಬ್ಬರು ಹಾಡಿದ ತತ್ವಪದಗಳ ಆಲ್ಬಂ ಅದು. ರೊಟ್ಟಿ ಬಡಿಯುವಾಗ ಎಲ್ಲರ ಅಡುಗೆಮನೆಯಲ್ಲೂ ಅದೇ. ಅದರ ಐದನೇ ಪದ ಬಲು ನಿಧಾನ, ಬಲು ಉದ್ದ. ಅದು ಬಂದ ಕೂಡಲೇ ನಾನು ಮುಂದಕ್ಕೆ ಓಡಿಸುತ್ತಿದ್ದೆ. ಒಂದು ದಿನ ಕೈತುಂಬ ಜೋಳದ ಹಿಟ್ಟು, ಫೋನು ಮುಟ್ಟುವ ಹಾಗಿಲ್ಲ, ಪೂರ್ತಿ ಕೇಳಬೇಕಾಯಿತು. ಕೊನೆಯ ನುಡಿಗೆ ಬರುವಷ್ಟರಲ್ಲಿ ಹಂಚಿನ ಮೇಲಿನ ರೊಟ್ಟಿ ಕರಿಯಾಗಿತ್ತು, ನನ್ನ ಕಣ್ಣು ಒದ್ದೆಯಾಗಿತ್ತು. ಹೊಗೆ ಎಂದು ಮನೆಯವರಿಗೆ ಹೇಳಿದೆ.

ಮೇಳದ ಮುಂದಾಳು ಪಕ್ಕದ ಮನೆಯ ಗಂಗವ್ವ. ದನಿ ಅವಳದು, ತಾಳ ನನ್ನದು. ನನ್ನ ಕೊರಳಿನ ಪಾಲನ್ನೂ ದೇವರು ಕೈಗೇ ಕೊಟ್ಟುಬಿಟ್ಟಿದ್ದಾನೆ. ಐದನೇ ಪದದ ಕೊನೆಯ ನುಡಿಗೆ ಮೊದಲು ಗಾಯಕರು ಮೆಲ್ಲಗೆ ಒಮ್ಮೆ ಕೆಮ್ಮುತ್ತಾರೆ, ತಾಳ ಕಾಯುತ್ತದೆ, ಆಮೇಲೆ ನುಡಿ ಏಳುತ್ತದೆ. ಗಂಗವ್ವ ಆ ಕೆಮ್ಮನ್ನೂ ಕಲಿತಿದ್ದಳು. ನಾವು ಕಾಯುವುದನ್ನು ಕಲಿತಿದ್ದೆವು. ಅದು ಹಾಡಿನ ಭಾಗವಲ್ಲ ಎಂಬ ಯೋಚನೆ ಯಾರಿಗೂ ಬರಲಿಲ್ಲ.

ಮುನವಳ್ಳಿಯ ಭಜನಾ ಸ್ಪರ್ಧೆಗೆ ಹೊರಟ ದಿನ, ಆ ಗಾಯಕರೇ ಅತಿಥಿಗಳೆಂದು ತಿಳಿಯಿತು. ಟೆಂಪೋದಲ್ಲಿ ಗಂಗವ್ವ ದಾರಿಯುದ್ದಕ್ಕೂ ಐದನೇ ಪದವನ್ನೇ ಗುನುಗುತ್ತಿದ್ದಳು. "ಬಹುಮಾನ ಬರ್ಲಿ ಬಿಡ್ಲಿ, ಅವರು ಒಮ್ಮೆ ಛಲೋ ಹಾಡಿದಿ ಅಂದ್ರ ಸಾಕ್ ನೋಡವಾ ನನಗ," ಎಂದಳು.

ಹಾಡಿದಳು. ಆ ಜಾಗ ಬಂತು. ಗಂಗವ್ವ ಕೆಮ್ಮಿದಳು, ನಾನು ತಾಳ ನಿಲ್ಲಿಸಿದೆ. ಮುಂದಿನ ಸಾಲಿನಲ್ಲಿದ್ದ ಗಾಯಕರು ಥಟ್ಟನೆ ತಲೆ ಎತ್ತಿ ನೋಡಿ, ಹೆಗಲಿನ ವಸ್ತ್ರದಿಂದ ಬಾಯಿ ಮುಚ್ಚಿಕೊಂಡು ನಗತೊಡಗಿದರು.

ನಾವು ವೇದಿಕೆ ಇಳಿದ ಮೇಲೆ ಅವರೇ ಬಳಿಗೆ ಬಂದರು. "ತಾಯಿ, ಆ ಕೆಮ್ಮು ಪದದಾಗಿಂದಲ್ಲರಿ. ಅವತ್ತ ನನಗ ನೆಗಡಿ ಆಗಿತ್ತು."

ಗಂಗವ್ವನ ಮುಖ ಸಣ್ಣದಾಯಿತು. ನನಗೆ ಸಿಟ್ಟೇ ಬಂತು. ಕೆಮ್ಮಿದವರು ಅವರು, ನಾಚಿಕೆ ನಮ್ಮ ಗಂಗವ್ವನಿಗೆ! "ನೆಗಡಿ ಇದ್ರ ಕಷಾಯ ಕುಡದು ಹಾಡಬೇಕಿತ್ತರಿ," ಎಂದೇಬಿಟ್ಟೆ.

ಅವರು ಮತ್ತೆ ನಕ್ಕರು, ಆದರೆ ಕಣ್ಣು ತುಂಬಿತ್ತು. "ಆ ಪದ ಉದ್ದ ಆತು, ಕಡೀತನಕ ಯಾರೂ ಕೇಳೂದಿಲ್ಲ ಅಂತ ನಮ್ಮ ಮನ್ಯಾಗೂ ಅಂದಿದ್ರು. ನಾನೂ ಹಂಗ ತಿಳಕೊಂಡಿದ್ದೆ. ನೀವು ನನ್ನ ಕೆಮ್ಮಿನ ತನಕ ಬಂದೀರಿ," ಎಂದರು. ನನ್ನ ಕೈಯಿಂದ ತಾಳ ತೆಗೆದುಕೊಂಡು ಅಲ್ಲೇ ಕಟ್ಟೆಯ ಮೇಲೆ ಕುಳಿತರು. "ಭಾಳ ಛಲೋ ಹಾಡಿದ್ರಿ. ಕಡೀ ಎರಡು ನುಡಿ ಇನ್ನೊಮ್ಮೆ ಹಾಡ್ರಿ."

ಗಂಗವ್ವ ಹಾಡಿದಳು. ಆ ಜಾಗ ಬಂದಾಗ ನಾಚಿಕೊಂಡು, ಕೆಮ್ಮನ್ನು ನುಂಗಿ, ನೇರವಾಗಿ ಕೊನೆಯ ನುಡಿ ಎತ್ತಲು ಹೋದಳು.

ಗಾಯಕರು ತಾಳ ಬಡಿಯಲಿಲ್ಲ. ಕೈ ಎತ್ತಿ ಹಿಡಿದುಕೊಂಡೇ ಹೇಳಿದರು: "ಕೆಮ್ಮರಿ ತಾಯಿ, ನಾ ಕಾಯಾಕ ಹತ್ತೇನಿ."